ವಿಲ್ಫ್‌ನ ಇದ್ದಿಲು ಬಣ್ಣದ ಕೋಣೆ

"ನೀನೇ ಹೇಳು ಐರಿಸ್, ಇದು ಗೋಡೆಯೋ ಪೀಡೆಯೋ? ಮೂವತ್ತು ವರ್ಷದಿಂದ ಈ ಹೊಗೆಗೂಡಿನ ಗೋಡೆಗೆ ಕೆನೆಬಣ್ಣ ಹೊಡೀತಾ ಬಂದೆ. ಹೊಡೆದಾಗ ಚೆನ್ನಾಗೇ ಇರತ್ತೆ. ಒಂದು ಚಳಿಗಾಲ ಕಳೀತೋ ಇಲ್ವೋ, ಒಳಗಿರೋ ಹಳೇ ಮಸಿ ಚಹಾ ಚೆಲ್ಲಿದ ಹಾಗೆ ಕಂದು ಕಲೆಯಾಗಿ ಹೊರಗೆ ಬರತ್ತೆ. ಕಲ್ಲಿದ್ದಲು ಉರಿಸೋದು ಬಿಟ್ಟು ಎಷ್ಟು ಕಾಲ ಆಯ್ತು! ನಮ್ಮಮ್ಮ ಬದುಕಿದ್ದಷ್ಟು ದಿನ ಗೋಡೆ ಮೇಲಿನ ಮಸಿ ಒರೆಸಿದಳು. ಈಗ ನಾನು ಅಂಗಡಿಯಿಂದ ಡಬ್ಬಿ ತಂದು ಅದೇ ಮಸಿಬಣ್ಣ ಬಳೀತಾ ಇದೀನಿ. ಅವಳು ನೋಡಿದ್ರೆ ಬ್ರಷ್ಷಲ್ಲೇ ಬಾರಿಸ್ತಿದ್ದಳು."

ಪಕ್ಕದ ಮನೆಯ ವಿಲ್ಫ್ ಸಗ್ಡನ್ ಏಣಿಯ ಮೇಲೆ ನಿಂತು ನನ್ನ ಮುಂದೆ ಹೀಗೆ ಕೂಗಾಡುತ್ತಿದ್ದ. ಹ್ಯಾಲಿಫ್ಯಾಕ್ಸ್‌ನ ನಮ್ಮ ಸಾಲುಮನೆಗಳಲ್ಲಿ ಇಬ್ಬರಿಗೂ ಗೋಡೆ ಒಂದೇ. ಅವನು ಗೊಣಗಿದ್ದು ನನ್ನ ಅಡುಗೆಮನೆಗೂ ಕೇಳಿಸುತ್ತದೆ. ರತ್ನಗಂಬಳಿ ಗಿರಣಿಯಲ್ಲಿ ಮಗ್ಗ ರಿಪೇರಿ ಮಾಡಿ ನಿವೃತ್ತನಾದವನು. ಕೆಟ್ಟದ್ದನ್ನು ಹಾಗೇ ಬಿಟ್ಟು ಕೂರುವ ಮನುಷ್ಯನಲ್ಲ.

ಅವನ ಹೆಂಡತಿ ಎಡ್ನಾಗೆ ಸೊಂಟದ ಆಪರೇಷನ್ ಆಗಿತ್ತು. ಮೆಟ್ಟಿಲು ಹತ್ತುವಂತಿಲ್ಲ, ಅವನು ಬಣ್ಣ ಬಳಿಯುತ್ತಿದ್ದ ಈ ಮುಂದಿನ ಕೋಣೆಯಲ್ಲೇ ಮಂಚ ಹಾಕಬೇಕು. ಅಲ್ಲಿ ಅವಳು ತಾನೇ ಎದ್ದು ಓಡಾಡಲಾರಳೆಂದಾದರೆ ಮಗಳು ಗೇಲ್ ತನ್ನೂರಿಗೆ ಕರೆದೊಯ್ಯುವುದೆಂದು ಮಾತಾಗಿತ್ತು. ವಿಲ್ಫ್‌ಗೆ ಅದೇ ಭಯ. ಇದ್ದಿಲು ಬಣ್ಣದ ಯೋಚನೆಯೂ ಗೇಲ್‌ಳದೇ: "ಈಗ ಎಲ್ಲರೂ ಅದೇ ಹೊಡೆಸೋದು ಅಪ್ಪಾ. ಕಲೆ ಕಾಣಲ್ಲ."

ಕಲೆ ಕಾಣಲಿಲ್ಲ, ನಿಜ. ಮಿಕ್ಕಿದ್ದೆಲ್ಲ ಕಂಡಿತು. ಬೆರಳು ತಗುಲಿದರೆ ಬಿಳಿಚಿದ ಗುರುತು. ಒರೆಸಿದರೆ ಅಲ್ಲಿ ಹೊಳಪು. ಹೊಳಪಿನ ಮೇಲೆ ಚೂರು ಬಣ್ಣ ಹಚ್ಚಿದರೆ ತೇಪೆ. ತೇಪೆ ಮುಚ್ಚಲು ಇಡೀ ಗೋಡೆ ಮತ್ತೆ ಹೊಡೆದ. ಇಳಿಯುವಾಗ ಏಣಿ ತಾಗಿಸಿದ. ಆಗ ಅವನಾಡಿದ ಮಾತು ಬರೆಯುವಂಥದ್ದಲ್ಲ. ಸಿಟ್ಟಿನಲ್ಲಿ ಉಳಿದ ಬಣ್ಣವನ್ನು ಬಾಗಿಲಿಗೂ, ಅಗ್ಗಿಷ್ಟಿಕೆಯ ಮೇಲಿನ ಮರದ ಹಲಗೆಗೂ ಬಳಿದುಬಿಟ್ಟ. "ಎಲ್ಲಾ ಒಂದೇ ಆದ್ರೆ ತೇಪೆ ಎಲ್ಲಿ ಕಾಣತ್ತೆ?"

ಎಡ್ನಾ ಆಸ್ಪತ್ರೆಯಿಂದ ಬಂದ ದಿನ ನಾನೇ ಚಹಾ ಮಾಡಿಕೊಟ್ಟೆ. ಅವಳ ಕಣ್ಣು ಮೊದಲೇ ಮಂಜು. ಊರುಗೋಲು ಹಿಡಿದು ನಿಂತವಳು ಎಂದಿನಂತೆ ಆ ಹಲಗೆಯ ಮೇಲೆ ಬಟ್ಟಲು ಇಡಹೋದಳು. ಅದು ಹಲಗೆ ತಲುಪದೆ ಕೆಳಗೆ ಬಿದ್ದು ಚೂರಾಯಿತು.

"ಹಲಗೆ ಎಲ್ಲಿ ಹೋಯ್ತು ವಿಲ್ಫ್?"

"ಅಲ್ಲೇ ಇದೆ, ನಿನ್ನ ಮುಂದೇ."

"ಬಾಗಿಲು?"

"ಅದೂ ಅಲ್ಲೇ ಇದೆ!"

"ಇರಬಹುದಪ್ಪ. ನನ್ನನ್ನ ಕಲ್ಲಿದ್ದಲು ಗೂಡಿಗೆ ತಳ್ಳಿದ ಹಾಗಿದೆ."

ಗೇಲ್ ಚೂರು ಗುಡಿಸುತ್ತಾ, "ಅಮ್ಮನ ಬಟ್ಟೆ ಪೆಟ್ಟಿಗೆ ಈಗಲೇ ಬಿಚ್ಚಬೇಡ," ಅಂದಳು.

"ಬಣ್ಣ ಹೇಳಿದವಳು ನೀನು!"

"ಗೋಡೆಗೆ ಹೇಳಿದೆ ಅಪ್ಪಾ. ಬಾಗಿಲಿಗಲ್ಲ."

ವಿಲ್ಫ್ ಹಿತ್ತಲ ಶೆಡ್ಡಿನಿಂದ ಬಿಳಿ ಆಯಿಲ್ ಪೇಂಟ್ ತಂದ. ಬಾಗಿಲ ಚೌಕಟ್ಟಿಗೆ, ಹಲಗೆಯ ಅಂಚಿಗೆ, ಸ್ವಿಚ್ಚಿನ ಸುತ್ತ ದಪ್ಪನೆಯ ಬಿಳಿ ಪಟ್ಟಿ ಎಳೆದ. ಎರಡು ಹನಿ ಗೋಡೆಯ ಮೇಲೆ ಇಳಿದವು. ಒರೆಸಲು ಕೈ ಎತ್ತಿದವನು ಹಲ್ಲು ಕಚ್ಚಿ ಇಳಿಸಿದ.

ಮರುದಿನ ಎಡ್ನಾ ಯಾರ ಕೈಯನ್ನೂ ಹಿಡಿಯದೆ ಮಂಚದಿಂದ ಬಾಗಿಲವರೆಗೆ ನಡೆದು ವಾಪಸು ಬಂದಳು. "ಬೆಳ್ಳಗಿರೋದಷ್ಟೇ ಚೆನ್ನಾಗಿದೆ," ಅಂದಳು. ಗೇಲ್ ಒಬ್ಬಳೇ ಕಾರು ಹತ್ತಿದಳು.

"ಅಷ್ಟಕ್ಕೇ ಸಾಕಾಗಿದ್ರೆ ಉಳಿದದ್ದಕ್ಕೆಲ್ಲ ನನ್ನ ತೋಳು ಯಾಕೆ ಸವೆಸಿದೆ!" ಎಂದು ಬೈದುಕೊಳ್ಳುತ್ತಾ ವಿಲ್ಫ್ ಸಂಜೆಯ ಊಟಕ್ಕೆ ಆಲೂಗಡ್ಡೆ ಸುಲಿಯಲು ಕೂತ.

"ಸಿಪ್ಪೆ ತೆಳ್ಳಗೆ ತೆಗಿ," ಎಡ್ನಾ ಮುಂದಿನ ಕೋಣೆಯಿಂದ ಕೂಗಿದಳು.

ಅವನು ಇನ್ನೊಂದು ಆಲೂಗಡ್ಡೆ ಕೈಗೆತ್ತಿಕೊಂಡ.