ಕೀಳಲು ಮರೆತ ಚೀಟಿ

ನನ್ನ ನಾದಿನಿ ಇಪ್ಪತ್ತೊಂಬತ್ತು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ಕತ್ತರಿ ಹಿಡಿದವಳು. ಓಣಿಯ ಮಕ್ಕಳಿಗೆಲ್ಲ ಕತ್ತರಿ ಅತ್ತೆ. ಮಾತೂ ಹಾಗೇ, ಕಚಕ್ ಅಂತ ಒಂದೇ ಏಟಿಗೆ. ಅವಳು ಕತ್ತರಿಸಿದ ಕಾಲರನ್ನು ಮೇಲಿನವರೆಲ್ಲ ಬಂದು ಸವರಿ ನೋಡುತ್ತಿದ್ದರಂತೆ. ಆದರೆ ಒಳಗೆ ಹೊಲಿಯುವ ಪಟ್ಟಿಯಲ್ಲಿ ಇರುತ್ತಿದ್ದದ್ದು ಕಂಪನಿಯ ಹೆಸರು. ಅದೊಂದು ಮುಳ್ಳು ಅವಳ ಮನಸ್ಸಿನಲ್ಲಿ ಇದ್ದೇ ಇತ್ತು.

ನಮ್ಮ ಯಜಮಾನರು, ಅಂದರೆ ಅವಳ ಅಣ್ಣ, ಹೋದಮೇಲೆ ಮನೆಯಲ್ಲಿ ನಾವಿಬ್ಬರೇ. ನಾನು ಓದಿದ್ದು ನಾಲ್ಕನೇ ಕ್ಲಾಸು. ಅವಳು ರಿಟೈರಾದಮೇಲೂ ಸುಮ್ಮನೆ ಕೂರಲಿಲ್ಲ. ಕಾರ್ಖಾನೆಯಲ್ಲಿ ಕೊನೆಕೊನೆಗೆ ಕಲಿತಿದ್ದ ಕಂಪ್ಯೂಟರನ್ನು ಊಟದ ಮೇಜಿನ ಮೇಲೆ ತಂದಿಟ್ಟು ಒಂದು ಪ್ರೋಗ್ರಾಂ ಬರೆಯತೊಡಗಿದಳು. ಮೈಯಳತೆ ಕೊಟ್ಟರೆ ಅದು ತೋಳು, ಬೆನ್ನು, ಕಾಲರು ಎಲ್ಲದರ ನಕ್ಷೆ ಬರೆದುಕೊಡುತ್ತದೆ. ಆ ಕಾಗದ ಇಟ್ಟು ಬಟ್ಟೆ ಕತ್ತರಿಸಿದರಾಯಿತು. ಪರದೆಯೊಳಗೇ ಪರಿಚಯವಾದ ಎಂಟು ಜನ ಜೊತೆಗೆ ಸೇರಿದರು. ಓಪನ್ ಸೋರ್ಸ್ ಅಂತೆ: ಯಾರು ಬೇಕಾದರೂ ಬಿಟ್ಟಿ ತಗೊಳ್ಳಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು.

"ಎಲ್ಲರದ್ದೂ ಆದಮೇಲೆ ಅದಕ್ಕೆ ಹೆಸರು ಯಾಕೆ?" ಅಂದೆ.

"ಕರೆಯೋದು ಹೇಗೆ ಮತ್ತೆ? ಶ್ ಶ್ ಅಂತಲಾ?"

"ಈಗೇನಂತ ಕರೀತೀರಿ?"

"ಏನೋ ಒಂದು. ಅದು ಬಿಡಿ."

ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಅದರ ಬಿಡುಗಡೆ. ಅಷ್ಟರೊಳಗೆ ಇವಳು ಒಂದು ಹೆಸರು ಕೊಡದಿದ್ದರೆ, ಗುಂಪಿನ ಗಡ್ಡದವನು ಹೇಳಿದ 'ಸ್ಮಾರ್ಟ್ ಕಟ್ ಪ್ಲಸ್' ಗಟ್ಟಿಯಾಗುತ್ತದೆ. ಕೇಳಿದರೇ ಅವಳಿಗೆ ಮೈಯೆಲ್ಲ ಉರಿ.

"ಕ್ಷೌರದಂಗಡಿ ಬೋರ್ಡು ಇದ್ದಹಾಗಿದೆ. ಈ ಸಲವೂ ನಾನು ಇನ್ಯಾರದೋ ಪಟ್ಟಿ ಹೊಲಿಯೋದಾ?"

ಸೋಮವಾರದಿಂದ ನನ್ನ ತಲೆ ತಿಂದಳು. ತರಕಾರಿ ಹೆಚ್ಚುತ್ತಾ ನಾನು ಹೆಸರು ಹೇಳುವುದು, ಅದು ಖಾಲಿ ಇದೆಯಾ ಅಂತ ಅವಳು ಕಂಪ್ಯೂಟರಿನಲ್ಲಿ ಒತ್ತಿ ನೋಡುವುದು. ಸೂಜಿ? "ಆಗಲೇ ಇದೆ." ಗುಂಡಿ? "ಅದೂ ಇದೆ, ಯಾವುದೋ ಆಟದ್ದು." ಬೆರಳುಟೋಪಿ? "ಅದನ್ನೂ ಬಿಟ್ಟಿಲ್ಲ ಮಹಾನುಭಾವರು." ಹೆಸರಿಗೂ ಟವೆಲ್ಲು ಹಾಕಿ ಸೀಟು ಹಿಡಿಯುತ್ತಾರೆಂದು ನನಗೇನು ಗೊತ್ತು? ನಮ್ಮ ಬೀದಿಯಲ್ಲಿ ಒಂದೇ ಹೆಸರಿನ ಮೂವರು ಹೆಂಗಸರು ಜಗಳವಿಲ್ಲದೆ ಬಾಳುತ್ತಿದ್ದಾರಪ್ಪ.

ಗುರುವಾರ ಬೆಳಿಗ್ಗೆ ಚಹಾ ತಂದೆ. ಪರದೆಯಲ್ಲಿ ಗಡ್ಡದವನು ಗಂಭೀರವಾಗಿ ಹೇಳುತ್ತಿದ್ದ: "ಅತ್ತಿಗೆಯ ಎಡಭುಜ ಸೊಟ್ಟ. ಹೊಲಿದು ನೋಡೋಕೆ ಕೊಟ್ಟಿದ್ವಲ್ಲ, ಮೂರು ಊರಿಂದಲೂ ದೂರು ಬಂದಿದೆ."

ಈ ಪುಣ್ಯಾತ್ಮ ನನ್ನನ್ನು ಎಲ್ಲಿ ನೋಡಿದ? ದೂರು ಕೊಟ್ಟವರು ಯಾರು? ನನಗೇ ಗೊತ್ತಿಲ್ಲದೆ ಶಾಲು ಎಳೆದು ಭುಜ ಮುಚ್ಚಿಕೊಂಡೆ.

ನಾದಿನಿ ಕಂಪ್ಯೂಟರನ್ನು ಪಟ್ಟನೆ ಮುಚ್ಚಿದಳು.

"ಅತ್ತಿಗೆ, ಬೈಬೇಡಿ. ಕಾರ್ಖಾನೆಯಲ್ಲಿ ಮೊದಲ ಅಂಗಿ ಯಾರ ಮೈಮೇಲೆ ಹಾಕಿ ನೋಡ್ತೀವೋ ಅವರ ಹೆಸರಿನ ಚೀಟಿ ಪಿನ್ನಲ್ಲಿ ಚುಚ್ಚಿರ್ತೀವಿ. ಹೊಲಿಗೆಯವರ ಕೈಗೆ ಹೋಗೋ ಮುಂಚೆ ಕಿತ್ತುಹಾಕ್ಬೇಕು. ಇದಕ್ಕೆ ಮೊದಲು ಕೊಟ್ಟಿದ್ದು ನಿಮ್ಮ ಅಳತೆ. ಅದಕ್ಕೇ 'ಅತ್ತಿಗೆ' ಅಂತ ಹಾಕಿದ್ದೆ. ನಿಮಗೆ ಸರಿಯಾಗಿ ಕೂರಲಿ ಅಂತ ಎಡಗಡೆ ಮುಕ್ಕಾಲು ಇಂಚು ಇಳಿಸಿದ್ದೆ. ಎರಡೂ ತೆಗೆಯೋದು ಮರೆತೆ. ಎಂಟು ತಿಂಗಳಿಂದ ಎಲ್ರೂ ಹಾಗೇ ಕರೀತಿದಾರೆ."

"ಇಪ್ಪತ್ತೊಂಬತ್ತು ವರ್ಷದ ಕತ್ತರಿ, ಚೀಟಿ ಕೀಳೋದು ಮರೆತ್ಯಾ?"

"ಮರೆತೆ."

ಯಜಮಾನರಿಗೆ ಲಕ್ವ ಹೊಡೆದಮೇಲೆ ನಾಲ್ಕು ವರ್ಷ, ಹಾಸಿಗೆಯಿಂದ ಬಚ್ಚಲಿಗೆ, ಬಚ್ಚಲಿಂದ ಕಿಟಕಿ ಪಕ್ಕದ ಕುರ್ಚಿಗೆ, ಆ ಭುಜ ಹಿಡಿದೇ ನಡೆದರು. ಅದು ಇಳಿದದ್ದು ಹಾಗೆ. ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಈಗ ಮೂರು ಊರಿನ ಅಂಗಿಗಳಲ್ಲಿ ಹೋಗಿ ಕೂತಿದೆ! ಸಿಟ್ಟು ಮಾಡಬೇಕೋ ನಗಬೇಕೋ ತಿಳಿಯದೆ, ತೊಳೆದ ಲೋಟವನ್ನೇ ಮತ್ತೆ ತೊಳೆದೆ.

ಶುಕ್ರವಾರ ಹನ್ನೊಂದೂಮುಕ್ಕಾಲಿಗೆ ಕೇಳಿದೆ: "ಆ ಹೆಸರನ್ನ ಬೇರೆ ಯಾರೂ ಹಿಡಿದಿಲ್ವಾ?"

"ಇಲ್ಲ. ಸೋಮವಾರವೇ ನೋಡಿದ್ದೆ."

"ಮತ್ತೆ ವಾರವೆಲ್ಲ ನನ್ನ ಪ್ರಾಣ ಯಾಕೆ ಹಿಂಡಿದೆ?"

"ನಿಮ್ಮನ್ನ ಕೇಳೋಕೆ ಧೈರ್ಯ ಬರಲಿಲ್ಲ."

"ನಿನ್ನದು ಅಂತ ಒಂದು ಹೆಸರು ಬೇಕು ಅಂತಿದ್ಯಲ್ಲೇ?"

"ನನಗೆ ಅತ್ತಿಗೆ ಅಂತ ಇರೋದು ನೀವೊಬ್ಬರೇ. ಹಾಗೆ ಕರೆದವರಿಗೆ, ಬರೆದವಳು ಯಾರೋ ನಾದಿನಿ ಅಂತಾದ್ರೂ ಗೊತ್ತಾಗುತ್ತಲ್ಲ."

ನನಗೆ ಅದು ಪೂರ್ತಿ ಅರ್ಥವಾಯಿತೆಂದು ಹೇಳಲಾರೆ. "ಹೆಸರು ಇರಲಿ. ಭುಜ ನೆಟ್ಟಗೆ ಮಾಡು," ಅಂದೆ. ಅವಳು ಕೈ ಹಾಕಿದ್ದೇ ತಡ, ಅವಳ ಮಣಿಕಟ್ಟು ಹಿಡಿದೆ. "ತಾಳು, ಪೂರ್ತಿ ಅಳಿಸಬೇಡ. ಬೇಕಾದವರಿಗೆ ಸಿಗೋ ಹಾಗೆ ಒಂದು ಮೂಲೇಲಿಡು."

"ಯಾರಿಗೆ ಬೇಕಾಗುತ್ತೆ ಅತ್ತಿಗೆ?"

"ಇಡು ಅಂದೆನಲ್ಲ," ಅಂದೆ. ಇಟ್ಟಳು.

ಹತ್ತು ದಿನಕ್ಕೆ ಗುರುತಿಲ್ಲದ ಹೆಂಗಸೊಬ್ಬಳು ಬರೆದಿದ್ದಳು: ಎಡಭುಜ ಇಳಿಸುವುದು ಸಿಕ್ಕಿತು, ಆದರೆ ನಮ್ಮಮ್ಮನದು ಬಲಭುಜ, ಅದಕ್ಕೂ ಆಗುತ್ತದೆಯೇ?

"ಏನು ಬರೀಲಿ?" ಅಂತ ನಾದಿನಿ ನನ್ನ ಮುಖ ನೋಡಿದಳು.

"ನನ್ನನ್ನೇನು ಕೇಳ್ತೀಯ? ಇದೆಲ್ಲ ನನಗೇನು ಗೊತ್ತು?" ಅಂದೆ. ಆಮೇಲೆ ತಡೆಯಲಾಗಲಿಲ್ಲ.

"ಎಷ್ಟು ಇಂಚಂತೆ?"