ಪ್ರಾರ್ಥನೆಗೆಂದು ಹೇಳಿದ ಮಾತು

ಅವತ್ತು ಅಂಗಳ ಗುಡಿಸಿದೆ, ನಾಲ್ಕು ಕೊಡ ನೀರು ತುಂಬಿದೆ, ಜೋಳ ಹಸನು ಮಾಡಿ ಗಿರಣಿಗೆ ಒಯ್ದೆ, ಮಗಳ ರವಿಕೆಗೆ ಗುಂಡಿ ಹಚ್ಚಿದೆ. ಮಧ್ಯಾಹ್ನ ಹುಮನಾಬಾದಿನಿಂದ ಒಬ್ಬ ಹೆಂಗಸು ಬಂದರು. ಹಿಂದಿನ ವರ್ಷ ನನ್ನ ಮಗಳನ್ನು ತಮ್ಮ ಮಗನಿಗೆ ಒಪ್ಪಿ, ಆಮೇಲೆ ಬೇಡವೆಂದವರು.

ಯಾಕೆ ಬೇಡವೆಂದರೆಂದು ನನಗೆ ಗೊತ್ತಿತ್ತು. ಬಸವಕಲ್ಯಾಣದ ನಮ್ಮ ಚರ್ಚಿನ ಸಭೆಯ ಹೆಂಗಸರು ಶುಕ್ರವಾರ ಒಬ್ಬರ ಮನೆಯಲ್ಲಿ ಕೂಡಿ, ತಂತಮ್ಮ ಕಷ್ಟ ಬಾಯಿಬಿಟ್ಟು ಹೇಳಿ ಪ್ರಾರ್ಥನೆ ಮಾಡಿಸಿಕೊಳ್ಳುವುದು ರೂಢಿ. ಮಗಳಿಗೆ ಚಿಕ್ಕಂದಿನಲ್ಲಿ ಫಿಟ್ಸ್ ಬರುತ್ತಿತ್ತೆಂದು ನಾನು ಅಲ್ಲೇ ಹೇಳಿದ್ದೆ. ನನ್ನ ಕೈ ಹಿಡಿದು ಎಲ್ಲರಿಗಿಂತ ಹೆಚ್ಚು ಅತ್ತ ಗೆಳತಿಯೇ ಅದನ್ನು ಹುಮನಾಬಾದಿಗೆ ಮುಟ್ಟಿಸಿದಳು. ಈಗ ಅದೇ ಹುಡುಗನಿಗೆ ಅವಳ ಮಗಳನ್ನು ನೋಡುತ್ತಿದ್ದರು.

“ನಿಮ್ಮ ಗೆಳತಿ ಮಗಳು ಹ್ಯಾಂಗದಾಳ್ರಿ ಅಕ್ಕಾ? ನಿಮಗ ಬಿಟ್ಟರ ಯಾರಿಗೆ ಗೊತ್ತಿರತದ?” ಎಂದು ಹುಡುಗನ ತಾಯಿ ಕೇಳಿದರು.

ಆ ಹುಡುಗಿ ಒಮ್ಮೆ ಯಾರನ್ನೋ ನಂಬಿ ಮನೆ ಬಿಟ್ಟು ಹೋಗಿ, ಎರಡು ದಿನಕ್ಕೆ ಅಳುತ್ತಾ ಮರಳಿದ್ದಳು. ಅದನ್ನು ಗೆಳತಿ ನನಗೊಬ್ಬಳಿಗೇ, ಪ್ರಾರ್ಥನೆಗೆಂದು ಹೇಳಿದ್ದಳು. ಮಾತು ನಾಲಿಗೆ ತುದಿಗೆ ಬಂದಿತ್ತು.

“ಹುಡುಗಿ ಚಲೋ ಅದಾಳ್ರಿ. ಮನಿ ಹಿಡಿದು ನಡಸ್ತಾಳ,” ಎಂದೆ.

ಅವರು ಹೋದ ಮೇಲೆ ಮಗಳು ಒಳಗಿನಿಂದ ಬಂದಳು. “ಯವ್ವಾ, ಭಾಳ ದೊಡ್ಡಾಕಿ ಆದಿ ನೀ. ಅಕಿ ನಮಗ ಮಾಡಿದ್ದು ಮರತಿ ಏನು?”

“ಮರತಿಲ್ಲ. ದೇವರ ಮುಂದ ಇಟ್ಟ ಮಾತು ನಾನೂ ಬಜಾರಕ್ಕ ಒಯ್ಯಲೇನು?”

ಮಗಳು ದಡದಡ ಒಳಗೆ ಹೋದಳು. ನನಗೂ ಸಮಾಧಾನವೇನೂ ಆಗಲಿಲ್ಲ. ಗೆಳತಿಯ ಮೇಲಿನ ಸಿಟ್ಟು ಹಾಗೇ ಇತ್ತು. ರೊಟ್ಟಿ, ಪುಂಡಿಪಲ್ಯ ಉಂಡೆವು. ಮಗಳು ನನಗೆ ಬೆನ್ನು ಮಾಡಿ ಮೊದಲು ಮಲಗಿದಳು.