ಹಳದಿ ದಾರದ ಹದಿನೈದು ದಿನ

ಹುಸೇನಸಾಬ ಕಾಕಾ ಯಾವ ಯಂತ್ರವನ್ನಾದರೂ ಮೊದಲು ಮುಟ್ಟುತ್ತಿದ್ದುದು ಬಲಗೈಯ ಹಿಂಭಾಗದಿಂದ. ಮಗುವಿಗೆ ಜ್ವರ ಬಂದಿದೆಯೇ ಎಂದು ತಾಯಿ ನೋಡುವ ಹಾಗೆ ಸರ್ವರ್‌ಗಳ ಬೆನ್ನಿಗೆ ಕೈ ತಾಗಿಸಿ, ಕಣ್ಣು ಅರೆಮುಚ್ಚಿ ನಿಲ್ಲುತ್ತಿದ್ದರು. ಅಂಗೈಯಿಂದ ಮುಟ್ಟಿದರೆ, ಕರೆಂಟ್ ಹರಿಯುತ್ತಿದ್ದಾಗ ಕೈ ತಾನಾಗಿ ಮುಚ್ಚಿಕೊಂಡು ಯಂತ್ರವನ್ನೇ ಹಿಡಿದುಬಿಡುತ್ತದೆ, ಹಿಂಭಾಗವಾದರೆ ದೂರ ಸರಿಯುತ್ತದೆ ಎಂದು ಅವರೇ ನನಗೆ ಕಲಿಸಿದ್ದು. ಆದರೆ ನಲವತ್ತು ವರ್ಷ ವಾಯರುಗಳ ನಡುವೆ ಬದುಕಿದ ಅವರಿಗೆ ಅದು ಬರೀ ಎಚ್ಚರಿಕೆಯಾಗಿ ಉಳಿದಿರಲಿಲ್ಲ, ಒಂದು ರೀತಿಯ ಕುಶಲ ವಿಚಾರಣೆಯಾಗಿತ್ತು.

ನಮ್ಮ ಕಂಪನಿ ಅಣ್ಣಿಗೇರಿಯ ಹೊರಗಿದೆ. ಹತ್ತಿ, ಹೆಸರು, ಕಡಲೆ ಎಲ್ಲವನ್ನೂ ಕೊಳ್ಳುವ ದೊಡ್ಡ ಕಂಪನಿ. ಇಲ್ಲಿ ಜಾಗ ಧಾರಾಳವಾಗಿದೆ ಎಂದು ಮುಖ್ಯ ಕಚೇರಿಯವರು ಸುತ್ತಲ ಜಿಲ್ಲೆಗಳ ಖರೀದಿ ಕೇಂದ್ರಗಳ ಸರ್ವರ್‌ಗಳನ್ನೆಲ್ಲ ನಮ್ಮ ಗೋದಾಮಿನ ಪಕ್ಕದ ಕೋಣೆಗೆ ತಂದು ಸುರಿದಿದ್ದರು. ಆ ಕೋಣೆಯ ಉಸ್ತುವಾರಿ ನನ್ನದು. ಕಾಕಾ ಗುತ್ತಿಗೆಯ ಮೇಲಿದ್ದ ಇಲೆಕ್ಟ್ರಿಷಿಯನ್. ಸಂಶಿಯಲ್ಲಿ ಅವರ ಮನೆ. ತಂದೆಯ ಕಾಲದವರೆಗೆ ನೇಕಾರಿಕೆ ಇತ್ತಂತೆ. ಮಗ್ಗ ಹೋಯಿತು, ದಾರದ ಉಂಡೆಗಳು ಉಳಿದವು ಎಂದು ನಗುತ್ತಿದ್ದರು. ನನ್ನೂರು ಗುಡಗೇರಿ. ನನ್ನ ಬಸ್ಸು ಸಂಶಿಯ ಮೇಲೆಯೇ ಹೋಗುವುದರಿಂದ ಶನಿವಾರ ಸಂಜೆ ಇಬ್ಬರೂ ಒಂದೇ ಸೀಟಿನಲ್ಲಿ ಕೂತು ಬರುತ್ತಿದ್ದೆವು. ಕಿಟಕಿ ಯಾವಾಗಲೂ ನನಗೆ ಬಿಡುತ್ತಿದ್ದರು.

ನಮ್ಮ ಸರ್ವರ್ ಕೋಣೆಯಲ್ಲಿ ಆಗ ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಳ್ಳಬೇಕಿತ್ತು. ಎಷ್ಟು ತಣ್ಣಗಿದ್ದರೆ ಅಷ್ಟು ಒಳ್ಳೆಯದೆಂದು ನಂಬಿ ಎ.ಸಿ.ಗಳನ್ನು ಹಗಲೂ ರಾತ್ರಿ ಹಚ್ಚಿಟ್ಟಿದ್ದೆವು. ಆದರೂ ಯಂತ್ರಗಳು ಬಿಸಿಯಾಗಿ ಕೂಗಾಡುತ್ತಿದ್ದವು. ಮುಖ್ಯ ಕಚೇರಿಯಿಂದ ಪತ್ರ ಬಂತು. ಕಂಪ್ಯೂಟರ್‌ಗಳು ನುಂಗುವ ಕರೆಂಟ್ ಕಡಿಮೆ ಮಾಡಬೇಕು, ಕಂಪನಿ ಪರಿಸರದ ಹೊಣೆ ಹೊತ್ತಿದೆ ಎಂದು ಲೋಕಕ್ಕೆ ತೋರಿಸಬೇಕು. ನಾನು ಇನ್ನೆರಡು ಎ.ಸಿ. ಕೇಳಿ ಅರ್ಜಿ ಬರೆಯುತ್ತ ಕೂತಿದ್ದೆ. ಕಾಕಾ ಕೋಣೆಯನ್ನು ಒಂದು ಸುತ್ತು ಹಾಕಿ, ಕೈಯ ಹಿಂಭಾಗವನ್ನು ಗಾಳಿಯಲ್ಲೇ ಆಡಿಸಿ, ಮರುದಿನ ಮನೆಯಿಂದ ಹಳೆಯ ಸೀರೆಗಳನ್ನು ಸೇರಿಸಿ ಹೊಲಿದ ಒಂದು ಕೌದಿ ತಂದರು. ಯಂತ್ರಗಳ ಎರಡು ಸಾಲುಗಳ ನಡುವೆ ಹಗ್ಗ ಕಟ್ಟಿ ಅದನ್ನು ಇಳಿಬಿಟ್ಟರು. ಹಿಂದಿನಿಂದ ಬರುವ ಬಿಸಿ ಗಾಳಿಯನ್ನೇ ಯಂತ್ರಗಳು ಮುಂದಿನಿಂದ ಮತ್ತೆ ಸೇದಿಕೊಳ್ಳುತ್ತಿದ್ದವು, ನಾವು ಅದಕ್ಕೆ ಎ.ಸಿ. ಹಚ್ಚುತ್ತಿದ್ದೆವು. ಬಿಸಿಗೂ ತಂಪಿಗೂ ನಡುವೆ ಒಂದು ಗೋಡೆ ಬಿದ್ದ ಮೇಲೆ ಮಧ್ಯಾಹ್ನದ ಹೊತ್ತಿಗೆ ಕೂಗಾಟ ನಿಂತಿತು. ಎರಡು ಎ.ಸಿ.ಗಳನ್ನು ನಿಲ್ಲಿಸಿದೆವು.

ಬೆಂಕಿಯ ಭಯಕ್ಕೆ ನಾನು ಕೌದಿ ತೆಗೆಸಿ, ಕೋಲ್ಡ್ ಸ್ಟೋರೇಜಿನ ಬಾಗಿಲಿಗೆ ಹಾಕುವಂಥ ಪ್ಲಾಸ್ಟಿಕ್ ಪರದೆ ತರಿಸಿದೆ. ಮುಖ್ಯ ಕಚೇರಿಗೆ ಕಳಿಸಿದ ವರದಿಯಲ್ಲಿ ಪರದೆಯ ಚಿತ್ರವಿತ್ತು, ಕೌದಿಯ ಮಾತಿರಲಿಲ್ಲ. ಕೆಳಗೆ ನನ್ನ ಹೆಸರಿತ್ತು. ಕಾಕಾ ಕೌದಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, ಮನೆಯಾಕೆ ಎರಡು ದಿನದಿಂದ ಅದನ್ನು ಹುಡುಕುತ್ತಿದ್ದಾಳೆ ಎಂದು ಮಾತ್ರ ಹೇಳಿದರು.

ಅವರ ಬಾಯಲ್ಲಿ ‘ಆರಿಸು’ ಎಂಬ ಮಾತು ಬರುತ್ತಿರಲಿಲ್ಲ. ಹಳೆಯ ಮನೆಗಳಲ್ಲಿ ದೀಪಕ್ಕೆ ಹೇಳುವ ಹಾಗೆ ಸರ್ವರ್‌ಗೂ ‘ಶಾಂತ ಮಾಡೂದು’ ಎನ್ನುತ್ತಿದ್ದರು. ಯಾವುದನ್ನು ಶಾಂತ ಮಾಡಬೇಕು ಎಂಬುದೇ ನಮ್ಮ ದೊಡ್ಡ ತಲೆನೋವಾಗಿತ್ತು. ದೊಡ್ಡ ಕಂಪನಿಗಳಲ್ಲಿ ಯಂತ್ರ ತರುವವರು ಒಬ್ಬರು, ಬಿಟ್ಟುಹೋಗುವವರು ಇನ್ನೊಬ್ಬರು. ನಮ್ಮ ಕೋಣೆಯ ಅರ್ಧದಷ್ಟು ಯಂತ್ರಗಳು ಯಾರಿಗಾಗಿ ಉರಿಯುತ್ತಿವೆ ಎಂದು ಹೇಳುವವರೇ ಇರಲಿಲ್ಲ. ಮುಟ್ಟಲು ನನಗೆ ಭಯ.

ಅದಕ್ಕೆ ಕಾಕಾ ದಾರದ ಪದ್ಧತಿ ತಂದರು. ಯಾರದೆಂದು ಗೊತ್ತಿಲ್ಲದ ಯಂತ್ರದ ಪ್ಲಗ್ಗಿಗೆ ಹಳದಿ ದಾರ ಕಟ್ಟುವುದು. ಎಲ್ಲ ವಿಭಾಗಗಳಿಗೂ ತಿಳಿಸುವುದು. ಹದಿನೈದು ದಿನ ಕಾಯುವುದು. ಅಷ್ಟರಲ್ಲಿ ಯಾರಾದರೂ ಬಂದು ನಮ್ಮದು ಎಂದರೆ ದಾರ ಬಿಚ್ಚಿ ಯಂತ್ರವನ್ನು ಹಾಗೆಯೇ ಬಿಡುವುದು. ಯಾರೂ ಬರದಿದ್ದರೆ ಹದಿನಾರನೆಯ ದಿನ ದಾರ ಬಿಚ್ಚಿ ಪ್ಲಗ್ ಕೀಳುವುದು. ಗಂಟು ಹಾಕುವಾಗ ಅವರ ಬೆರಳುಗಳನ್ನು ನೋಡುತ್ತಲೇ ಇರಬೇಕು ಅನಿಸುತ್ತಿತ್ತು. ಒಂದು ಎಳೆ ಜಗ್ಗಿದರೆ ಬಿಚ್ಚುವ, ಇನ್ನೊಂದು ಎಳೆ ಜಗ್ಗಿದರೆ ಬಿಗಿಯುವ ನೇಕಾರರ ಗಂಟು ಅದು. ನನಗೆ ಇಂದಿಗೂ ಬಂದಿಲ್ಲ.

ಒಂದು ಷರತ್ತನ್ನು ಮಾತ್ರ ಅವರು ಎಂದೂ ಬಿಡುತ್ತಿರಲಿಲ್ಲ.

“ಮಷಿನ್ ಇಲ್ಲಿ ಐತ್ರಿ ಸಾಹೇಬ್ರ, ಅದರ ಮಂದಿ ಎಲ್ಲೋ ಹಳ್ಳಿಯಾಗ ಇರ್ತಾರ. ನಮ್ಮ ದಾರ ಅವರಿಗೆ ಹೆಂಗ ಕಾಣಬೇಕು? ನಾವ ಹೋಗಿ ಕೇಳಬೇಕು.”

ಹಾಗಾಗಿ ಹೊರಗಿನ ಕೇಂದ್ರಗಳಿಗೆ ಫೋನ್ ಮಾಡಿ ಕೇಳುವ ಕೆಲಸ ನನ್ನ ಪಾಲಿಗೆ ಬಂತು. ನಾನು ಕೇಳಿ ಆಯಿತು ಎಂದ ಮೇಲೆಯೇ ಅವರು ಪ್ಲಗ್ಗಿಗೆ ಕೈ ಹಾಕುತ್ತಿದ್ದುದು. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಕೋಣೆಯ ಸದ್ದು ಎಷ್ಟು ತಗ್ಗಿತೆಂದರೆ ಹೊರಗಿನ ಗುಬ್ಬಿಗಳ ಚಿಲಿಪಿಲಿ ಒಳಗೆ ಕೇಳುತ್ತಿತ್ತು. ಆ ದಿನಗಳಲ್ಲಿ ಕಾಕಾ ಬಹಳ ಖುಷಿಯಾಗಿದ್ದರು. ಹೊಸ ವಾಯರು ಎಳೆದಾಗ ಎಲ್ಲರೂ ಶಾಬಾಸ್ ಅನ್ನುತ್ತಾರೆ, ಕೆಲಸವಿಲ್ಲದ್ದನ್ನು ಶಾಂತ ಮಾಡಿದಾಗ ಯಾರಿಗೂ ಗೊತ್ತೇ ಆಗುವುದಿಲ್ಲ, ಅದೇ ಅಗದಿ ಚಲೋ ಕೆಲಸ ಎನ್ನುತ್ತಿದ್ದರು.

ಇನ್ನು ನನ್ನ ತಪ್ಪಿನ ಮಾತು. ಇಷ್ಟು ಹೊತ್ತು ಅದರ ಸುತ್ತಲೇ ತಿರುಗುತ್ತಿದ್ದೇನೆ.

ಕೊನೆಯ ಸಾಲಿನಲ್ಲಿ ಒಂದು ಹಳೆಯ ಸರ್ವರ್ ಇತ್ತು. ತಿಂಗಳುಗಟ್ಟಲೆ ಪಿಟಕ್ಕೆಂದಿರಲಿಲ್ಲ. ಅದಕ್ಕೂ ದಾರ ಬಿತ್ತು. ಹದಿನಾರನೆಯ ದಿನ ಕಾಕಾ ಬಂದು, ಉಳಿದವರೆಲ್ಲ ತಮ್ಮದಲ್ಲ ಅಂದಿದ್ದಾರೆ, ತಿರ್ಲಾಪುರದ ಹತ್ತಿ ಕೇಂದ್ರಕ್ಕೆ ಕೇಳಿದಿರಾ ಎಂದರು. ನಾನು ಕೇಳಿರಲಿಲ್ಲ. ಹಿಂದಿನ ವಾರ ಒಮ್ಮೆ ನಂಬರ್ ಒತ್ತಿದ್ದೆ, ರಿಂಗೇ ಆಗದೆ ಫೋನ್ ಹತ್ತಿರಲಿಲ್ಲ, ಆಮೇಲೆ ಮರೆತಿದ್ದೆ. ಮಾರನೆಯ ದಿನ ಮುಖ್ಯ ಕಚೇರಿಯ ಸಾಹೇಬರು ಬರುವವರಿದ್ದರು. ಕೊನೆಯ ಸಾಲು ಪೂರ್ತಿ ಶಾಂತವಾಗಿದ್ದರೆ ನೋಡಲು ಚೆನ್ನ ಎಂಬ ಆಸೆ ನನಗಿತ್ತು. ತಲೆ ಎತ್ತದೆಯೇ, ಕೇಳಿ ಆಗಿದೆ ಕಾಕಾ, ಬೇಡವಂತೆ ಎಂದೆ.

ಅವರು ಹೋಗಿ ದಾರ ಬಿಚ್ಚಿದರು.

ಅದು ‘ಬರಬೇಡಿ’ ಎಂದು ಹೇಳುವಾಗ ಮಾತ್ರ ಬಾಯಿ ಬಿಡುವ ಯಂತ್ರವಾಗಿತ್ತು. ಕೇಂದ್ರದಲ್ಲಿ ಖರೀದಿ ನಿಂತ ದಿನ ತಿರ್ಲಾಪುರದ ಸುತ್ತಲಿನವರ ಮೊಬೈಲಿಗೆ, ಇವತ್ತು ಹತ್ತಿ ತರಬೇಡಿ ಎಂದು ಸಂದೇಶ ಕಳಿಸುವುದಷ್ಟೇ ಅದರ ಕೆಲಸ. ಮೂರು ವಾರದ ಮೇಲೆ ಕೇಂದ್ರದ ತೂಕದ ಯಂತ್ರ ಕೆಟ್ಟಿತು. ಸಂದೇಶ ಹೋಗಲಿಲ್ಲ. ಹತ್ತಿ ಹೇರಿಕೊಂಡು ಬಂದ ಟ್ರ್ಯಾಕ್ಟರುಗಳು ಗೇಟಿನ ಹೊರಗೆ ಸಾಲುಗಟ್ಟಿ ನಿಂತವು. ಮಧ್ಯಾಹ್ನ ಅಕಾಲದ ಮಳೆ ಹೊಡೆಯಿತು. ತಾಡಪತ್ರಿ ಹೊದಿಸಿದ್ದು ಕೆಲವರು ಮಾತ್ರ. ಒಂದು ಹಂಗಾಮಿನ ಬೆಳೆ ಕಣ್ಣೆದುರಿಗೇ ತೊಯ್ದು ಕಪ್ಪಾಯಿತು.

ಸುದ್ದಿ ತಿಳಿದ ಕಾಕಾ ಯಾರಿಗೂ ಹೇಳದೆ ಹೆಂಡತಿಯನ್ನು ಕರೆದುಕೊಂಡು ತಿರ್ಲಾಪುರಕ್ಕೆ ಹೋದರು. ಎರಡು ದಿನ ಅಲ್ಲಿಯವರ ಜೊತೆ ಅಂಗಳಗಳಲ್ಲಿ, ಮಾಳಿಗೆಗಳ ಮೇಲೆ ಹತ್ತಿ ಹರವಿ ಒಣಗಿಸಿದರಂತೆ. ಯಂತ್ರವನ್ನು ಶಾಂತ ಮಾಡಿದವರು ಅವರೇ ಎಂದು ತಿಳಿದು ಕೆಲವರು ಬಾಯಿಗೆ ಬಂದಂತೆ ಬೈದರಂತೆ. ಬೈಸಿಕೊಂಡೇ ಹತ್ತಿ ತಿರುವಿ ಹಾಕಿದರಂತೆ. ನಾನು ಹೋಗಲಿಲ್ಲ. ನನಗೆ ವರದಿ ಬರೆಯುವುದಿತ್ತು.

ವಿಚಾರಣೆಗೆ ಮುಖ್ಯ ಕಚೇರಿಯಿಂದ ಅಧಿಕಾರಿಯೊಬ್ಬರು ಬಂದರು. ನಾನು ಕುರ್ಚಿಯ ಮೇಲೆ, ಕಾಕಾ ಬಾಗಿಲ ಹತ್ತಿರ ನಿಂತು. ತಿರ್ಲಾಪುರದವರನ್ನು ಕೇಳದೆ ಯಂತ್ರ ನಿಲ್ಲಿಸಿದ್ದು ಯಾರ ಮಾತಿನ ಮೇಲೆ ಎಂದು ಅಧಿಕಾರಿ ಕೇಳಿದರು. ಕಾಕಾ ಒಂದು ಸಲ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ನಾನು ಮಾತಾಡಲಿ ಎಂದು ಜಾಗ ಬಿಟ್ಟುಕೊಟ್ಟ ಹಾಗಿತ್ತು, ಬಸ್ಸಿನಲ್ಲಿ ಕಿಟಕಿ ಬಿಡುತ್ತಿದ್ದರಲ್ಲ, ಹಾಗೆ. ನಾನು ಮೇಜಿನ ಮೇಲಿನ ಪೆನ್ನನ್ನು ನೋಡುತ್ತ ಕೂತೆ.

“ದಾರ ಕಟ್ಟಿದ ಕೈ ನಂದ್ರಿ,” ಎಂದರು ಕಾಕಾ. “ಬಿಚ್ಚಿದ ಕೈನೂ ನಂದ. ಮತ್ತೊಬ್ಬರ ಹೆಸರ ಯಾಕ ಬೇಕ್ರಿ?”

ಗುತ್ತಿಗೆಯವರಾದ್ದರಿಂದ ಕಾಗದಪತ್ರವೂ ಬೇಕಾಗಲಿಲ್ಲ. ನಾಳೆಯಿಂದ ಬರುವುದು ಬೇಡ ಎಂದರು, ಮುಗಿಯಿತು. ಹೊರಡುವಾಗ ಕಾಕಾ ಕೋಣೆಗೆ ಬಂದು ಎಲ್ಲ ಯಂತ್ರಗಳ ಬೆನ್ನಿಗೂ ಒಮ್ಮೆ ಕೈ ತಾಗಿಸಿದರು. ಹಳದಿ ದಾರದ ಉಂಡೆಯನ್ನು ನನ್ನ ಮೇಜಿನ ಮೇಲಿಟ್ಟರು. “ಇನ್ನೂ ಮಷಿನ್ ಅದಾವ್ರಿ, ಬೇಕಾಗ್ತೈತಿ,” ಎಂದರು. ಬಾಗಿಲು ದಾಟುವ ಮೊದಲು ತಿರುಗಿ ನಿಂತು, “ಫೋನ್ ಹತ್ತಲಿಲ್ಲಂದ್ರ ನೀವ ಒಮ್ಮೆ ಹೋಗಿ ಬರ್ರಿ ಸಾಹೇಬ್ರ, ತಿರ್ಲಾಪುರ ಭಾಳ ದೂರಿಲ್ಲ,” ಎಂದರು. ಫೋನ್ ಹತ್ತಿರಲಿಲ್ಲವೆಂದು ನಾನು ಯಾರಿಗೂ ಹೇಳಿರಲಿಲ್ಲ. ಆ ದಿನಗಳಲ್ಲಿ ಕೇಂದ್ರದ ಫೋನ್ ಕೆಟ್ಟಿತ್ತೆಂಬುದನ್ನು ಅವರು ತಿರ್ಲಾಪುರದಲ್ಲಿ ವಿಚಾರಿಸಿ ಬಂದಿದ್ದರೆಂದು ಆಗ ತಿಳಿಯಿತು. ಎಲ್ಲ ಗೊತ್ತಿದ್ದೂ ಅಧಿಕಾರಿಯೆದುರು ನನ್ನ ಹೆಸರು ಹೇಳಿರಲಿಲ್ಲ.

ಮರುದಿನವೇ ನಿಜ ಹೇಳಿಬಿಡುತ್ತೇನೆ ಎಂದುಕೊಂಡೆ. ಆಮೇಲೆ ಮುಂದಿನ ವಾರ ಎಂದುಕೊಂಡೆ. ಕರೆಂಟ್ ಉಳಿಸಿದ್ದಕ್ಕೆ ನನಗೊಂದು ಫಲಕ ಬಂತು. ಹಸಿರು ಎಲೆಯ ಚಿತ್ರವಿದೆ ಅದರ ಮೇಲೆ. ಆಫೀಸಿನ ಗೋಡೆಗೆ ಹಾಕಿದ್ದಾರೆ. ಇಂದಿಗೂ ಅದಕ್ಕೆ ಬೆನ್ನು ಮಾಡಿ ಕೂತೇ ಉಣ್ಣುತ್ತೇನೆ.

ವರ್ಷದ ಮೇಲೆ ಸಂಶಿಯ ಲೈನ್‌ಮನ್ ಒಬ್ಬರು ಕೆಲಸಕ್ಕೆಂದು ಬಂದಾಗ ಮಾತಿನ ನಡುವೆ, ನಿಮ್ಮ ಹುಸೇನಸಾಬ ಹೋಗಿ ನಾಲ್ಕು ತಿಂಗಳಾಯಿತು ಎಂದರು. ಎದೆ ಹಿಡಿದುಕೊಂಡಿತ್ತಂತೆ. ಆ ಶನಿವಾರ ನಾನು ಸಂಶಿಯಲ್ಲಿ ಇಳಿದೆ. ಹೆಂಡತಿ ಹಾಜರಾಬಿ ನನ್ನನ್ನು ಗುರುತಿಸಿ ಒಳಗೆ ಕರೆದರು. ಚಹಾ ಕೊಟ್ಟರು. ಹೊರಸಿನ ಮೇಲೆ ಅದೇ ಕೌದಿ ಹಾಸಿತ್ತು. ಒಂದು ವರ್ಷ ಹೊತ್ತ ಮಾತನ್ನು ಕೊನೆಗೂ ಹೇಳಿದೆ. ತಿರ್ಲಾಪುರದವರನ್ನು ಕೇಳಿ ಆಗಿದೆ ಎಂದದ್ದು ಸುಳ್ಳು, ತಪ್ಪು ನನ್ನದು ಎಂದೆ. ಆಕೆ ಬೈಯಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಗೋಡೆಯ ಗೂಟ ತೋರಿಸಿದರು.

“ಕೆಲಸ ಬಿಟ್ಟು ಬಂದ ದಿನ ಸಾಮಾನಿನ ಚೀಲ ಅಲ್ಲಿ ಹಾಕಿದ್ರು. ಚೀಲಕ್ಕ ಹಳದಿ ದಾರ ಕಟ್ಟಿದ್ರು. ಯಾಕಂತ ಕೇಳಿದೆ. ಹದಿನೈದ ದಿನ ನೋಡೂಣು, ನಮ್ಮದು ಅಂತ ಯಾರರ ಕೇಳಕೋತ ಬರ್ತಾರೇನು ಅಂದ್ರು. ದಿನಾ ಸಂಜಿಕ ಬಸ್ಸಿನ ಸಪ್ಪಳ ಕೇಳಿದ ಕೂಡ್ಲೆ ಮನಿ ಮುಂದಿನ ಕಟ್ಟಿ ಮ್ಯಾಲ ಬಂದು ಕುಂದರತಿದ್ರು. ಹದಿನಾರನೇ ದಿನ ತಾವ ಬಿಚ್ಚಿದ್ರು. ಸಾಮಾನೆಲ್ಲ ಮಂದಿಗೆ ಕೊಟ್ಟಬಿಟ್ರು. ಇನ್ನೊಂದ ನಾಕ ದಿನ ನೋಡ್ರಿ ಅಂದೆ. ಇಲ್ಲ, ಪದ್ಧತಿ ಅಂದ್ರ ಪದ್ಧತಿ ಅಂದ್ರು.”

ಗೂಟ ಬರಿದಾಗಿತ್ತು. ಆ ಹದಿನೈದು ದಿನಗಳಲ್ಲಿ ಎರಡು ಶನಿವಾರ ನಾನು ಗುಡಗೇರಿಗೆ ಹೋಗಿದ್ದೆ. ಬಸ್ಸು ಸಂಶಿಯಲ್ಲಿ ನಿಂತಿತ್ತು. ಕಿಟಕಿಯ ಪಕ್ಕ ಕೂತಿದ್ದವನು ಎರಡು ಸಲವೂ ಮುಖ ಬೇರೆ ಕಡೆ ತಿರುಗಿಸಿದ್ದೆ.